ಸಿದ್ಧಾಂತದ ಊರು, ನಮ್ಮ ಊರು: ಪತ್ರಿಕೋದ್ಯಮದ ಸ್ನಾತಕೋತ್ತರ ಅಧ್ಯಯನವನ್ನು ಕುರಿತು ಒಂದು ವಿಮರ್ಶೆ

ಪತ್ರಿಕೋದ್ಯಮವು ವಿಶ್ವವಿದ್ಯಾನಿಲಯದ ವ್ಯಾಸಂಗ ವಿಷಯವಾಗಿ ನಮ್ಮ ನಾಡಿಗೆ ಬಂದುದು ತಡವಾಗಿ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವು ೧೮೪೩ರಲ್ಲಿ ಹೊರಟಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಈ ವಿಷಯದ ವಿಭಾಗವು ಏರ್ಪಟ್ಟುದು ೧೯೫೧ರಲ್ಲಿ. ನಡುವಣ ೧೦೮ ವರ್ಷ ನಮ್ಮ ಪತ್ರಕರ್ತರಿಗೆ ಅಚ್ಚುಕೂಟವೇ ಪಾಠಶಾಲೆಯಾಗಿದ್ದಿತು. ಇಂದು ಸ್ಥಿತಿ ಬೇರೆ. ೨೦೦೩ರಲ್ಲಿ ಸ್ಥಾಪಿತವಾಗಿ, ೨೦೧೭ರಿಂದ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ವಿಜಯಪುರದ ಮಹಿಳಾ ವಿಶ್ವವಿದ್ಯಾನಿಲಯದಲ್ಲಿಯೂ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಸ್ನಾತಕೋತ್ತರ ಶಿಕ್ಷಣವು ದೊರೆಯುತ್ತಿದೆ. ತೊರವಿಯ ಅದರ ಆವರಣದಿಂದ ತಿಕೋಟಾ ಸೀಮೆಯ ಹಳ್ಳಿಗಳು ದೂರವೇನಲ್ಲ. ವಿದ್ಯೆಯು ಹಳ್ಳಿಯ ಸಮೀಪಕ್ಕೆ ಬಂದಿದೆ. ಹಳ್ಳಿಯು ಆ ವಿದ್ಯೆಯ ಒಳಕ್ಕೆ ಬಂದಿದೆಯೇ ಎಂಬುದನ್ನು ಮಾತ್ರ ನಾವಿಲ್ಲಿ ವಿಚಾರಿಸಬಯಸುತ್ತೇವೆ.

ಈ ವಿಷಯವನ್ನು ಕುರಿತ ವಾದಗಳು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ನಡೆಯುತ್ತವೆ: ಕಸುಬನ್ನು ಕಲಿಸಬೇಕೆ, ಸಿದ್ಧಾಂತವನ್ನು ಕಲಿಸಬೇಕೆ? ನಮ್ಮ ಅಭಿಪ್ರಾಯದಲ್ಲಿ ಇದು ಅಷ್ಟು ಫಲಕಾರಿಯಾದ ಪ್ರಶ್ನೆಯಲ್ಲ. ಸಿದ್ಧಾಂತವು ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು ಎಂಬುದನ್ನು ಕೇಳುವುದು ಲೇಸು.

ನಮ್ಮ ವಿದ್ಯಾರ್ಥಿಗಳು ತಪ್ಪದೆ ಓದುವ ಎರಡು ಸಿದ್ಧಾಂತಗಳನ್ನು ನೋಡೋಣ. ಸುದ್ದಿಯು ಮಾಧ್ಯಮದಿಂದ ನೇರವಾಗಿ ಜನರನ್ನು ಮುಟ್ಟದೆ, ಊರಿನ ಕೆಲವು ಪ್ರಮುಖರ ಮೂಲಕ ಹಾಯ್ದು ಬರುವುದೆಂಬ ಎರಡು ಹಂತದ ಹರಿವಿನ ಸಿದ್ಧಾಂತವು ಮೊದಲನೆಯದು. ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು ೧೯೪೦ರಲ್ಲಿ ಅಮೆರಿಕದ ಒಹಾಯೋ ಪ್ರಾಂತ್ಯದ ಈರಿ ಎಂಬ ಜಿಲ್ಲೆಯಲ್ಲಿ ಸುಮಾರು ೬೦೦ ಮತದಾರರನ್ನು ಮೇ ತಿಂಗಳಿನಿಂದ ನವೆಂಬರಿನವರೆಗೆ ಮತ್ತೆ ಮತ್ತೆ ಕಂಡು ಮಾತನಾಡಿಸಿದುದರ ಫಲವದು. ಪತ್ರಿಕೆಗಳು ಜನರಿಗೆ ಏನನ್ನು ಕುರಿತು ಯೋಚಿಸಬೇಕೆಂಬುದನ್ನು ಸೂಚಿಸುತ್ತವೆಂಬ ಕಾರ್ಯಸೂಚಿಯ ಸಿದ್ಧಾಂತವು ಎರಡನೆಯದು. ಮೆಕೂಂಬ್ಸ್ ಮತ್ತು ಶಾ ಅವರು ೧೯೬೮ರ ಚುನಾವಣೆಯ ಕಾಲದಲ್ಲಿ ಚಾಪೆಲ್ ಹಿಲ್ ಎಂಬ ತಮ್ಮ ವಿದ್ಯಾನಗರದಲ್ಲಿ ಕೇವಲ ೧೦೦ ಮಂದಿ ಮತದಾರರನ್ನು ಪ್ರಶ್ನಿಸಿ, ೧೯೭೨ರಲ್ಲಿ ಅದನ್ನು ಪ್ರಕಟಿಸಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಇವೆರಡೂ ಜಗತ್ತಿನ ನಿಯಮಗಳಾಗಿ ಆಕಾಶದಿಂದ ಇಳಿದುವಲ್ಲ. ಒಂದು ಚಿಕ್ಕ ಊರನ್ನು, ಒಂದು ಸಾಧಾರಣ ಜಿಲ್ಲೆಯನ್ನು ತಾಳ್ಮೆಯಿಂದ ಕೇಳಿಸಿಕೊಂಡುದರಿಂದ ಹುಟ್ಟಿದುವು. ನಾವಾದರೋ ಅವರ ತೀರ್ಮಾನವನ್ನು ತೆಗೆದುಕೊಂಡು ಅವರ ನಡಿಗೆಯನ್ನು ಬಿಟ್ಟುಬಿಟ್ಟೆವು. ಈರಿ ಜಿಲ್ಲೆಯ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಯು ತನ್ನ ಊರಿಗೆ ಮಾರುಕಟ್ಟೆಯ ಸುದ್ದಿ ಯಾರ ಮುಖಾಂತರ ಬರುತ್ತದೆಂಬುದನ್ನು ಬರೆದಿಟ್ಟಿರುವುದಿಲ್ಲ. ಸ್ನಾತಕೋತ್ತರ ಪ್ರಬಂಧಗಳಲ್ಲಿ ನಾವು ಬಹಳವಾಗಿ ಕಾಣುವುದು ನೂರು ಪ್ರಶ್ನಾವಳಿಗಳು, ವಸತಿಗೃಹದ ಗೆಳೆಯರ ಉತ್ತರಗಳು, ಕೆಲವು ಶೇಕಡಾ ಲೆಕ್ಕಗಳು, ಮೊದಲೇ ಗೊತ್ತಿದ್ದ ಒಂದು ತೀರ್ಮಾನ. ಚಾಪೆಲ್ ಹಿಲ್‌ನಲ್ಲಿಯೂ ನೂರೇ ಮಂದಿ. ಇಲ್ಲಿಯೂ ನೂರೇ ಮಂದಿ. ವ್ಯತ್ಯಾಸವು ಸಂಖ್ಯೆಯದಲ್ಲ, ಪ್ರಶ್ನೆಯದು.

ಹಾಗಾದರೆ ಪ್ರಶ್ನೆಯೆಲ್ಲಿದೆ? ತಿಕೋಟಾ ತಾಲ್ಲೂಕಿನ ಘೋಣಸಗಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ದ್ರಾಕ್ಷಿಗೆ ಹೆಸರಾದ ಸೀಮೆಯಿದು. ಇದರ ಮಗ್ಗುಲಿಗೇ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಹಸಿ ದ್ರಾಕ್ಷಿ ಕಾಯದು, ಒಣದ್ರಾಕ್ಷಿ ಕಾಯುತ್ತದೆ. ಶೀತಲಗೃಹದಲ್ಲಿರಿಸಿದ ಒಣದ್ರಾಕ್ಷಿಯನ್ನು ಈ ವಾರ ಮಾರುವುದೋ ಮುಂದಿನ ತಿಂಗಳೋ ಎಂಬ ನಿರ್ಧಾರವೆಲ್ಲ ಧಾರಣೆಯ ಸುದ್ದಿಯನ್ನೇ ಅವಲಂಬಿಸಿರುತ್ತದೆ. ವಿಜಯಪುರದ ಪೇಟೆಯ ಸುದ್ದಿ ಕನ್ನಡದಲ್ಲಿ ಬರುತ್ತದೆ; ಸಾಂಗಲಿ, ತಾಸಗಾಂವಗಳ ಪೇಟೆಯಲ್ಲಿ ಅದೇ ಸರಕು ಮರಾಠಿಯ 'ಬೇದಾಣಾ' ಆಗುತ್ತದೆ. ಆ ಸುದ್ದಿಯನ್ನು ಬೆಳೆಗಾರನಿಗೆ ತಲುಪಿಸುವವರಾರು? ಪತ್ರಿಕೆಯೆ, ದಲಾಲಿಯೆ, ಕೈಯಲ್ಲಿಯ ಮೊಬೈಲೆ, ನೆರೆಯ ತೋಟದವನೆ? ಸುದ್ದಿ ತರುವವನೇ ಸರಕನ್ನು ಕೊಳ್ಳುವವನೂ ಆಗಿದ್ದರೆ, ಅವನನ್ನು ಲಾಜರ್ಸ್‌ಫೆಲ್ಡರ ಅರ್ಥದಲ್ಲಿ ಅಭಿಪ್ರಾಯ ನಾಯಕನೆನ್ನಬಹುದೆ? ಪಠ್ಯದಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಆದುದರಿಂದಲೇ ಇದು ಸಂಶೋಧನೆಯ ಪ್ರಶ್ನೆ.

ಈ ನೆಲವು ಸಂವಹನ ಶಾಸ್ತ್ರಕ್ಕೆ ಹೊಸದೂ ಅಲ್ಲ. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿದ 'ಸೈಟ್' ಪ್ರಯೋಗವು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡ ಜಿಲ್ಲೆಗಳು ಗುಲಬರ್ಗಾ, ರಾಯಚೂರು ಮತ್ತು ಅಂದಿನ ಅವಿಭಕ್ತ ಬಿಜಾಪುರ. ಜಗತ್ತಿನ ವಿದ್ವಾಂಸರು ಇಂದಿಗೂ ಉಲ್ಲೇಖಿಸುವ ಪ್ರಯೋಗವು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿಯೇ ನಡೆದುಹೋಯಿತು. ಅಂದು ಊರಿನ ನಡುವೆ ಒಂದೇ ಪೆಟ್ಟಿಗೆಯ ಮುಂದೆ ಕುಳಿತ ಮಕ್ಕಳು ಇಂದು ಅಜ್ಜ ಅಜ್ಜಿಯರು. ಅವರ ನೆನಪನ್ನು ಕೇಳಿ ಬರೆದುಕೊಳ್ಳಲು ಕಾಲವು ಇನ್ನು ಹೆಚ್ಚಾಗಿ ಉಳಿದಿಲ್ಲ.

ಸಂಶೋಧನೆಯೂ ಪತ್ರಿಕೆಯೂ ಬೇರೆ ಬೇರೆಯೆಂಬ ಭಾವನೆಗೂ ಈ ಊರಿನಲ್ಲಿಯೇ ಉತ್ತರವಿದೆ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ವಚನಗಳ ತಾಡವೋಲೆಗಳನ್ನು ಕೂಡಿಹಾಕಿದರು, ಪಾಠಗಳನ್ನು ಪರಿಶೀಲಿಸಿದರು. ೧೯೨೫ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ೧೯೨೬ರಲ್ಲಿ 'ಶಿವಾನುಭವ'ವೂ ೧೯೨೭ರಲ್ಲಿ 'ನವಕರ್ನಾಟಕ'ವೂ ಹೊರಟುವು. ಒಂದು ಸಂಶೋಧನೆಗೆ, ಇನ್ನೊಂದು ಸುದ್ದಿಗೆ. ಎರಡರ ಹಿಂದೆಯೂ ಇದ್ದುದು ಒಬ್ಬರೇ ವ್ಯಕ್ತಿ. ಮೂಲವನ್ನು ಕಣ್ಣಾರೆ ಕಾಣದೆ ಅಚ್ಚಿಗೆ ಕೊಡಬಾರದೆಂಬುದು ಎರಡಕ್ಕೂ ಸಮಾನವಾದ ಧರ್ಮ. ಸ್ನಾತಕೋತ್ತರ ವಿಭಾಗಗಳು ಇದಕ್ಕಿಂತ ಬೇರೆ ಆದರ್ಶವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಇದಕ್ಕೆ ಕೆಲವು ಆಕ್ಷೇಪಗಳು ಬರಬಹುದು. ಒಂದು ಹಳ್ಳಿಯಿಂದ ಸಿದ್ಧಾಂತ ಹುಟ್ಟೀತೆ ಎಂಬುದು ಮೊದಲನೆಯದು. ಒಂದು ಪ್ರಬಂಧದಿಂದ ಹುಟ್ಟದಿರಬಹುದು. ಆದರೆ ಪ್ರತಿವರ್ಷವೂ ಒಬ್ಬ ವಿದ್ಯಾರ್ಥಿನಿಯು ಅದೇ ಊರನ್ನು ಅದೇ ಪ್ರಶ್ನೆಗಳೊಡನೆ ಕಂಡು, ತನ್ನ ಟಿಪ್ಪಣಿಗಳನ್ನು ವಿಭಾಗದಲ್ಲಿ ಇರಿಸಿಹೋದರೆ, ಹತ್ತು ವರ್ಷಗಳಲ್ಲಿ ಯಾವ ನಗರಕ್ಕೂ ಇಲ್ಲದಂತಹ ದಾಖಲೆಯೊಂದು ಅಲ್ಲಿ ಸಿದ್ಧವಾಗುತ್ತದೆ. ವಿದ್ಯಾರ್ಥಿಗೆ ಬೇಕಾದುದು ಉದ್ಯೋಗ, ಹಳ್ಳಿಯ ಅಧ್ಯಯನವಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ಹಗುರವಾದ ಮಾತಲ್ಲ. ಎರಡು ವರ್ಷಗಳ ವ್ಯಾಸಂಗಕ್ಕೆ ಬಡ ಮನೆತನಗಳು ತೆರುವ ಬೆಲೆಯನ್ನು ನಾವು ಬಲ್ಲೆವು. ಆದರೆ ಕೇಳಬಲ್ಲವಳು, ಲೆಕ್ಕವನ್ನು ಒರೆಗೆ ಹಚ್ಚಬಲ್ಲವಳು, ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಬರೆದು ನೀರಾವರಿ ಕಾಲುವೆಯ ಕಡತವನ್ನು ತರಿಸಿಕೊಳ್ಳಬಲ್ಲವಳು ಯಾವ ಪತ್ರಿಕಾಲಯಕ್ಕೆ ಬೇಡವಾದಾಳು? ಯಂತ್ರಗಳನ್ನು ನಡೆಸುವುದು ಕೆಲವು ವಾರಗಳ ಅಭ್ಯಾಸ, ಮೇಲಾಗಿ ಯಂತ್ರಗಳು ಬದಲಾಗುತ್ತಲೇ ಇರುತ್ತವೆ. ಕೇಳುವ ಶಿಸ್ತು ಬದಲಾಗುವುದಿಲ್ಲ.

ವಿದ್ಯಾರ್ಥಿನಿಯರಿಗೆ ಇಲ್ಲಿ ವಿಶೇಷವಾದ ಅವಕಾಶವೂ ಇದೆ. ಹಳ್ಳಿಯ ಅಭಿಪ್ರಾಯವೆಂದು ಬರೆದಿರುವುದರಲ್ಲಿ ಬಹುಪಾಲು ಕಟ್ಟೆಯ ಮೇಲೆ ಕುಳಿತ ಗಂಡಸರ ಅಭಿಪ್ರಾಯ. ಹಣ್ಣು ಬಿಡಿಸಿ ಬೇರ್ಪಡಿಸುವ ಕೆಲಸದಲ್ಲಿರುವ ಹೆಂಗಸರು ಕೂಲಿಯ ಸುದ್ದಿಯನ್ನು ಯಾರಿಂದ ಪಡೆಯುತ್ತಾರೆ, ಯಾವ ಸುದ್ದಿಯನ್ನು ನಂಬುತ್ತಾರೆ ಎಂಬುದು ಅಡುಗೆಮನೆಯವರೆಗೆ ಹೋಗಬಲ್ಲವರಿಗಷ್ಟೆ ತಿಳಿಯುತ್ತದೆ. ಈ ಕೆಲಸಕ್ಕೆ ಮಹಿಳಾ ವಿಶ್ವವಿದ್ಯಾನಿಲಯಕ್ಕಿಂತ ತಕ್ಕ ಸ್ಥಳವು ಬೇರೆ ಇಲ್ಲ.

ಈರಿ ಜಿಲ್ಲೆಯನ್ನು ಓದಬೇಡವೆಂದು ನಾವು ಹೇಳುತ್ತಿಲ್ಲ. ಅದನ್ನು ಸರಿಯಾಗಿ ಓದಬೇಕೆಂದು ಹೇಳುತ್ತಿದ್ದೇವೆ. ಸರಿಯಾಗಿ ಓದಿದವರು ತಮ್ಮ ಊರಿನ ದಾರಿ ಹಿಡಿಯದೆ ಇರಲಾರರು. ಮುಂದಿನ ವರ್ಷದ ಪ್ರಬಂಧಗಳ ವಿಷಯಗಳನ್ನು ಗೊತ್ತುಮಾಡುವಾಗ ಅಧ್ಯಾಪಕರು ಒಂದನ್ನಾದರೂ ಈ ರೀತಿಯಲ್ಲಿ ಆರಿಸಲಿ. ಬರೆದು ಮುಗಿದ ಪ್ರಬಂಧದ ಒಂದು ಪ್ರತಿ ಆ ಊರಿನ ಗ್ರಂಥಾಲಯಕ್ಕೂ ಸೇರಲಿ. ತಮ್ಮನ್ನು ಕುರಿತು ಬರೆದುದು ನಿಜವೆ ಅಲ್ಲವೆ ಎಂಬುದನ್ನು ಹೇಳಬಲ್ಲವರು ಅಲ್ಲಿದ್ದಾರೆ.