ಸಂಶೋಧನಾ ಪತ್ರಿಕೆಗಳ ಪ್ರಕಾಶಕರಿಗೆ ಗ್ರಂಥಾಲಯದ ಅಳತೆಗೋಲು

ನೀವು ಗೊಳಸಂಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕರು ಎಂದಿಟ್ಟುಕೊಳ್ಳಿ. ಊರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಕೂಡಗಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಅಲ್ಲಿ ತಲಾ 800 ಮೆಗಾವಾಟ್ ಸಾಮರ್ಥ್ಯದ ಮೂರು ಘಟಕಗಳು ಕಲ್ಲಿದ್ದಲು ಉರಿಸುತ್ತವೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಸಾಮಾನ್ಯವಾಗಿ ಶೇಕಡಾ 30ರಿಂದ 45. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳುತ್ತಾಳೆ: "ಸರ್, ಹಾರುಬೂದಿ ಎರಿಮಣ್ಣಿಗೆ ಕೂಡಿಸಿದ್ರ ಬಿಳಿಜ್ವಾಳ ಚಲೋ ಬರ್ತಾವೋ, ಕೆಡ್ತಾವೋ?"

ಒಳ್ಳೆಯ ಪ್ರಶ್ನೆ. ಹಾರುಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಅಲ್ಯುಮಿನಾ ಮತ್ತು ಕಬ್ಬಿಣದ ಆಕ್ಸೈಡ್. ಜೊತೆಗೆ ಅತ್ಯಲ್ಪ ಪ್ರಮಾಣದಲ್ಲಿ ಬೋರಾನ್, ಆರ್ಸೆನಿಕ್, ಸೆಲೆನಿಯಂ ಮುಂತಾದವೂ ಇರುತ್ತವೆ. ಜಿಗುಟು ಮಣ್ಣನ್ನು ಬೂದಿ ಸಡಿಲಗೊಳಿಸಬಲ್ಲದು. ಬೋರಾನ್ ಹೆಚ್ಚಾದರೆ ಅದೇ ಬೂದಿ ಬೆಳೆಗೆ ವಿಷವಾಗಬಲ್ಲದು. ವಿಜಯಪುರ ಜಿಲ್ಲೆಯ ಎರೆಮಣ್ಣು ಮೊದಲೇ ಕ್ಷಾರೀಯ. ಹಾಗಾದರೆ ಎಕರೆಗೆ ಎಷ್ಟು ಬೂದಿ ಸರಿ? ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ನೀವು ಅಂತರಜಾಲದಲ್ಲಿ ಹುಡುಕುತ್ತೀರಿ. ಸಂಶೋಧನಾ ಪ್ರಬಂಧಗಳ ಸಾಲೇ ಕಾಣುತ್ತದೆ. ಅವುಗಳಲ್ಲಿ ಹಲವನ್ನು ಬರೆದವರು ಭಾರತದ ವಿಜ್ಞಾನಿಗಳೇ, ಪ್ರಯೋಗದ ಖರ್ಚು ನಮ್ಮದೇ ಸರ್ಕಾರದ ಅನುದಾನ. ಶೀರ್ಷಿಕೆ ಸಿಗುತ್ತದೆ, ಸಾರಾಂಶ ಸಿಗುತ್ತದೆ. ಪೂರ್ಣ ಪ್ರಬಂಧ ತೆರೆಯಲು ಹೋದರೆ ಬೆಲೆಯ ಚೀಟಿ: ಸಾಮಾನ್ಯವಾಗಿ 30ರಿಂದ 40 ಡಾಲರ್. ನಮ್ಮ ಹಣದಲ್ಲಿ ಎರಡೂವರೆ ಸಾವಿರ ರೂಪಾಯಿಗೂ ಹೆಚ್ಚು, ಅದೂ ಹತ್ತು ಪುಟಕ್ಕೆ.

ಈ ಬೆಲೆಯ ಒಂದು ಕಾಸೂ ಪ್ರಬಂಧ ಬರೆದ ವಿಜ್ಞಾನಿಗೆ ಸೇರುವುದಿಲ್ಲ. ಅದನ್ನು ಪರಿಶೀಲಿಸಿ ತಿದ್ದಿದ ಸಹ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಸಂಭಾವನೆ ಇಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಲೇಖಕ ತನ್ನ ಕೃತಿಸ್ವಾಮ್ಯವನ್ನೇ ಪ್ರಕಾಶಕರಿಗೆ ಬರೆದುಕೊಟ್ಟಿರುತ್ತಾನೆ. ಬೀಜ, ಗೊಬ್ಬರ, ಆಳು ಎಲ್ಲ ನಿಮ್ಮದು. ರಾಶಿಯಾದ ಮೇಲೆ ಜೋಳ ಮಾತ್ರ ಬಾಡಿಗೆ ಗೋದಾಮಿನವನದು ಎಂದರೆ ಹೇಗೆ? ಈ ವ್ಯಾಪಾರದ ಲಾಭವೂ ಸಣ್ಣದಲ್ಲ. ಎಲ್ಸೆವಿಯರ್‌ನ ಮಾತೃಸಂಸ್ಥೆಯಾದ ರೆಲ್ಕ್ಸ್, ವಿಜ್ಞಾನ ಮತ್ತು ವೈದ್ಯಕೀಯ ಪ್ರಕಟಣಾ ವಿಭಾಗದಲ್ಲಿ 2023ರಲ್ಲಿ ಗಳಿಸಿದ ನಿರ್ವಹಣಾ ಲಾಭ, ವರಮಾನದ ಶೇಕಡಾ 38ರಷ್ಟು.

ಗ್ರಂಥಪಾಲಕರು ಈ ಪ್ರಕಾಶಕರ ಅತಿ ದೊಡ್ಡ ಗಿರಾಕಿಗಳು. ಆದರೂ ಪ್ರಕಾಶಕರ ನಡತೆಯನ್ನು ಅಳೆಯುವ ಕೋಲು ಬಹುಕಾಲ ಅವರ ಕೈಯಲ್ಲಿ ಇರಲಿಲ್ಲ. ಪತ್ರಿಕೆಗಳಿಗೆ 'ಪ್ರಭಾವ ಸೂಚ್ಯಂಕ' ಇತ್ತು, ಪ್ರಕಾಶಕರಿಗೆ ಏನೂ ಇರಲಿಲ್ಲ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಗ್ರಂಥಪಾಲಕಿ ರೇಚಲ್ ಕಾಲ್ಡ್‌ವೆಲ್ 2020ರಲ್ಲಿ ಇದಕ್ಕೊಂದು ತಾತ್ಕಾಲಿಕ ಅಂಕಪದ್ಧತಿಯನ್ನು ಮುಂದಿಟ್ಟರು. ಪ್ರಕಾಶಕರು ಗ್ರಂಥಾಲಯದ ಮೌಲ್ಯಗಳಿಗೆ ಎಷ್ಟು ಹೊಂದಿಕೊಂಡು ನಡೆಯುತ್ತಾರೆ ಎಂಬುದನ್ನು ನಾಲ್ಕು ಶೀರ್ಷಿಕೆಗಳಲ್ಲಿ ತೂಗುವುದು ಅದರ ಉದ್ದೇಶ: ಓದುಗರಿಗೆ ಲಭ್ಯತೆ, ಲೇಖಕರ ಮತ್ತು ಬಳಕೆದಾರರ ಹಕ್ಕು, ವಿದ್ವತ್ ಸಮುದಾಯದೊಡನೆ ಸಂಬಂಧ, ಹುಡುಕಿದಾಗ ಸಿಗುವ ಸುಲಭತೆ.

ಇದು ಹೊಸ ಯೋಚನೆಯೇನಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳ ಗ್ರಂಥವನ್ನು ಪ್ರಕಟಿಸಿದ್ದರು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಇವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಪುಸ್ತಕ ಬೀಗ ಹಾಕಿಡುವ ವಸ್ತುವಲ್ಲ ಎಂಬುದು ಅವರ ಚಿಂತನೆಯ ಬುಡ. ಯಾವ ಓದುಗನನ್ನೂ ಬರಿಗೈಯಲ್ಲಿ ಕಳಿಸಬಾರದು, ಅವನ ಹೊತ್ತನ್ನು ಹಾಳು ಮಾಡಬಾರದು ಎಂಬುದು ಅದರ ಮುಂದಿನ ಹೆಜ್ಜೆ. ಬೆಲೆಯ ಚೀಟಿ ನೋಡಿ ಗಣಕಯಂತ್ರ ಮುಚ್ಚುವ ಗೊಳಸಂಗಿಯ ಶಿಕ್ಷಕರ ವಿಷಯದಲ್ಲಿ ಈ ಎರಡೂ ತಪ್ಪಿವೆ.

ಈಗ ಅಳೆಯೋಣ. ಲಭ್ಯತೆ, ಹಕ್ಕು ಎರಡನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು, ಏಕೆಂದರೆ ಒಂದನ್ನು ಬಿಟ್ಟು ಇನ್ನೊಂದಿಲ್ಲ. ಹಿಂದೆ ಗ್ರಂಥಾಲಯವು ಮುದ್ರಿತ ಪತ್ರಿಕೆಗೆ ಚಂದಾ ಕಟ್ಟುತ್ತಿತ್ತು. ಒಂದು ವರ್ಷ ಹಣವಿಲ್ಲದೆ ಚಂದಾ ನಿಲ್ಲಿಸಿದರೂ ಹಳೆಯ ಸಂಪುಟಗಳು ಕಪಾಟಿನಲ್ಲೇ ಉಳಿಯುತ್ತಿದ್ದವು. ಬೇರೆ ಊರಿನ ಗ್ರಂಥಾಲಯ ಕೇಳಿದರೆ ಎರವಲು ಕೊಡಬಹುದಿತ್ತು. ವಿದ್ಯುನ್ಮಾನ ಪತ್ರಿಕೆಯಲ್ಲಿ ಗ್ರಂಥಾಲಯ ಕೊಳ್ಳುವುದು ಪತ್ರಿಕೆಯನ್ನಲ್ಲ, ನೋಡುವ ಪರವಾನಗಿಯನ್ನು. ಎರವಲು ಕೊಡಬಹುದೇ, ಹೊರಗಿನ ಓದುಗರನ್ನು ಒಳಗೆ ಕೂರಿಸಿ ಓದಿಸಬಹುದೇ, ಚಂದಾ ನಿಂತ ಮೇಲೆ ಹಳೆಯ ಸಂಚಿಕೆಗಳು ಉಳಿಯುತ್ತವೆಯೇ ಎಂಬುದೆಲ್ಲ ಆ ಪರವಾನಗಿಯ ಸಣ್ಣಕ್ಷರದಲ್ಲಿ ಇರುತ್ತದೆ. ಸಮಾಧಾನದ ಮಾತೆಂದರೆ, ಹಲವು ಪರವಾನಗಿಗಳು ಗ್ರಂಥಾಲಯದ ಒಳಗೆ ಬಂದು ಕೂತ ಓದುಗರಿಗೆ ಅವಕಾಶ ಕೊಡುತ್ತವೆ. ಆದರೆ ಅದಕ್ಕಾಗಿ ಗೊಳಸಂಗಿಯವರು ಶಾಲೆಗೆ ರಜೆ ಹಾಕಿ ವಿಜಯಪುರದ ಬಸ್ಸು ಹತ್ತಬೇಕು.

ಲೇಖಕರ ಹಕ್ಕಿನ ವಿಷಯಕ್ಕೆ ಬಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಮಗೆ ಒಳ್ಳೆಯ ಉದಾಹರಣೆ. ಸಂಸ್ಥೆಯ ಸಂಶೋಧಕರು ತಮ್ಮ ಪ್ರಬಂಧಗಳ ಪ್ರತಿಯನ್ನು ಇಡುವ ವಿದ್ಯುನ್ಮಾನ ಭಂಡಾರವನ್ನು 2002ರಲ್ಲಿ ಅದು ತೆರೆಯಿತು. ಭಾರತದಲ್ಲಿ ಇಂಥ ಭಂಡಾರ ಇದೇ ಮೊದಲು. ಇಲ್ಲಿ ಪ್ರಕಾಶಕರ ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ಲೇಖಕ ತನ್ನದೇ ಪ್ರಬಂಧದ ಅಂತಿಮ ಕರಡನ್ನು ಅಲ್ಲಿಡಲು ಕೆಲವರು ಕೂಡಲೇ ಒಪ್ಪುತ್ತಾರೆ. ದೊಡ್ಡ ವಾಣಿಜ್ಯ ಪ್ರಕಾಶಕರ ಹಲವು ಪತ್ರಿಕೆಗಳು 12 ಅಥವಾ 24 ತಿಂಗಳು ಕಾಯಿರಿ ಎನ್ನುತ್ತವೆ. ಯೋಜನಾ ವರದಿ ಒಪ್ಪಿಸಲು ವಿದ್ಯಾರ್ಥಿನಿಗೆ ಇರುವುದು ಮೂರು ತಿಂಗಳು.

ಬೆಂಗಳೂರಿನಲ್ಲೇ ಇನ್ನೊಂದು ಮಾದರಿ ಇದೆ, ಅದರ ಬಗ್ಗೆ ನಮ್ಮ ಶಿಕ್ಷಕರಿಗೆ ಸಾಕಷ್ಟು ಗೊತ್ತಿಲ್ಲವೆಂದು ನನಗೆ ಆಗಾಗ ಅನ್ನಿಸುತ್ತದೆ. ಸಿ. ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ಆ ವರ್ಷದಿಂದಲೇ ಪತ್ರಿಕೆ ಹೊರಡಿಸುತ್ತ ಬಂದಿದೆ. ಭೌತವಿಜ್ಞಾನದ 'ಪ್ರಮಾಣ' 1973ರಲ್ಲಿ ಬಂತು. ವಿಜ್ಞಾನ ಬೋಧನೆಗೆಂದೇ ಮೀಸಲಾದ 'ರೆಸೊನೆನ್ಸ್' 1996ರಲ್ಲಿ. ವಿದೇಶಗಳ ಓದುಗರನ್ನು ತಲುಪಲು ಅಕಾಡೆಮಿ 2007ರಲ್ಲಿ ಸ್ಪ್ರಿಂಗರ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು, ಆದರೆ ತನ್ನ ಜಾಲತಾಣದಲ್ಲಿ ಪ್ರಬಂಧಗಳನ್ನು ಪುಕ್ಕಟೆ ಇಡುವ ಪದ್ಧತಿಯನ್ನು ಬಿಡಲಿಲ್ಲ. ದೊಡ್ಡ ವಾಣಿಜ್ಯ ಸಂಸ್ಥೆಯ ಜೊತೆ ವ್ಯವಹರಿಸಿಯೂ ತನ್ನ ಮನೆಯ ಬಾಗಿಲನ್ನು ತೆರೆದಿಡಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. 'ರೆಸೊನೆನ್ಸ್'ನ ಹಳೆಯ ಸಂಚಿಕೆಗಳನ್ನು ನೀವು ಇನ್ನೂ ನೋಡಿಲ್ಲವಾದರೆ, ಈ ಲೇಖನವನ್ನು ಅರ್ಧಕ್ಕೆ ಬಿಟ್ಟು ಹೋಗಿ ನೋಡಿದರೂ ನನಗೆ ಬೇಸರವಿಲ್ಲ.

ಆದರೆ ತೆರೆದ ಬಾಗಿಲೆಲ್ಲ ಒಂದೇ ಅಲ್ಲ. ಓದುಗರಿಗೆ ಪುಕ್ಕಟೆ ಮಾಡಿ ಲೇಖಕರಿಂದ ಶುಲ್ಕ ಪಡೆಯುವ ಪದ್ಧತಿ ಈಗ ಎಲ್ಲೆಡೆ ಹರಡಿದೆ. 'ನೇಚರ್' ಪತ್ರಿಕೆ 2021ರಿಂದ ಈ ಆಯ್ಕೆಗೆ ನಿಗದಿ ಮಾಡಿದ ಶುಲ್ಕ ಒಂದು ಪ್ರಬಂಧಕ್ಕೆ 9,500 ಯೂರೋ. ಜಿಲ್ಲೆಯ ಕಾಲೇಜೊಂದರ ಅಧ್ಯಾಪಕರಿಗೆ ಇದು ಹಲವು ತಿಂಗಳ ಸಂಬಳ. ಓದುವವನ ಮುಂದಿದ್ದ ಗೋಡೆಯನ್ನು ಕಿತ್ತು ಬರೆಯುವವನ ಮುಂದೆ ಕಟ್ಟಿದರೆ ಅದನ್ನು ಸುಧಾರಣೆ ಎನ್ನಲಾರೆ.

ಖಾಸಗಿತನದ ಪ್ರಶ್ನೆಯನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಯಾರು ಯಾವ ಪುಸ್ತಕ ಓದಿದರು ಎಂಬುದನ್ನು ಹೊರಗೆ ಹೇಳದಿರುವುದು ಗ್ರಂಥಪಾಲಕರ ವೃತ್ತಿಧರ್ಮ. ಪ್ರಕಾಶಕರ ಜಾಲತಾಣದಲ್ಲಾದರೋ ನೀವು ತೆರೆದ ಪ್ರತಿಯೊಂದು ಪುಟವೂ ದಾಖಲಾಗಬಲ್ಲದು. ಮೇಲೆ ಹೇಳಿದ ರೆಲ್ಕ್ಸ್, ವ್ಯಕ್ತಿಗಳ ಮಾಹಿತಿಯನ್ನು ವಿಶ್ಲೇಷಿಸಿ ಮಾರುವ ಬೇರೊಂದು ವ್ಯವಹಾರವನ್ನೂ ನಡೆಸುತ್ತದೆ. ಎರಡೂ ಒಂದೇ ಮನೆಯಲ್ಲಿರುವಾಗ ಗ್ರಂಥಾಲಯಗಳು ಒಪ್ಪಂದದಲ್ಲಿ ಸ್ಪಷ್ಟ ಮಾತು ಕೇಳುವುದು ನ್ಯಾಯವೇ.

ಇನ್ನು ನಮ್ಮ ದೇಶದ ದೊಡ್ಡ ವ್ಯವಹಾರ. 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300 ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ಭಾಗಿಸಿ ನೋಡಿದರೆ ವರ್ಷಕ್ಕೆ ತಲಾ 1,100 ರೂಪಾಯಿಯ ಆಸುಪಾಸು. ಹಿಂದೆ ಕೆಲವೇ ದೊಡ್ಡ ಸಂಸ್ಥೆಗಳಿಗೆ ಸಿಗುತ್ತಿದ್ದದ್ದು ಸಣ್ಣ ಊರಿನ ಸರ್ಕಾರಿ ಪದವಿ ಕಾಲೇಜಿಗೂ ಸಿಗುವಂತಾದದ್ದು ದೊಡ್ಡ ಸಂಗತಿ, ಇದನ್ನು ಹಗುರವಾಗಿ ಕಾಣಬಾರದು. ನನ್ನ ತಕರಾರು ಬೇರೆ. ಪ್ರೌಢಶಾಲೆ ಈ ಲೆಕ್ಕದಲ್ಲಿ ಬರುವುದಿಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವೂ ಬರುವುದಿಲ್ಲ. ಇಷ್ಟು ದೊಡ್ಡ ಗಿರಾಕಿಯಾದ ದೇಶ, ಸಾರ್ವಜನಿಕ ಗ್ರಂಥಾಲಯದ ಒಂದು ಗಣಕಯಂತ್ರದಲ್ಲಾದರೂ ಎಲ್ಲರಿಗೂ ಓದಲು ಬಿಡಿ ಎಂದು ಕೇಳಬಹುದಲ್ಲವೇ? ಮೂರು ವರ್ಷ ಕಳೆದ ಮೇಲೆ ಹಣ ಕೊಟ್ಟ ಅವಧಿಯ ಸಂಚಿಕೆಗಳು ನಮ್ಮ ಬಳಿ ಉಳಿಯುತ್ತವೆಯೇ ಎಂಬುದು ಪ್ರತಿಯೊಬ್ಬ ಗ್ರಂಥಪಾಲಕರೂ ಕೇಳಬೇಕಾದ ಪ್ರಶ್ನೆ.

ಬಡ ದೇಶಗಳ ಸಂಸ್ಥೆಗಳಿಗೆ ಪತ್ರಿಕೆಗಳನ್ನು ಪುಕ್ಕಟೆಯಾಗಿ ಅಥವಾ ಅತಿ ಕಡಿಮೆ ದರಕ್ಕೆ ಕೊಡುವ 'ರಿಸರ್ಚ್ ಫಾರ್ ಲೈಫ್' ಯೋಜನೆಯಲ್ಲಿ ದೊಡ್ಡ ಪ್ರಕಾಶಕರು ಪಾಲ್ಗೊಳ್ಳುತ್ತಾರೆ. ಮೆಚ್ಚಬೇಕಾದ ಕೆಲಸ. ಆದರೆ ಅದರ ಪಟ್ಟಿಯಲ್ಲಿ ಭಾರತವಿಲ್ಲ. ಇದಕ್ಕಾಗಿ ಪ್ರಕಾಶಕರಿಗೆ ಎಷ್ಟು ಅಂಕ ಕೊಟ್ಟರೂ ಗೊಳಸಂಗಿಗೆ ಅದರಿಂದ ಬಂದದ್ದು ಸೊನ್ನೆ. ದಾರಿ ಸಿಗದ ಓದುಗರು ಕಳ್ಳದಾರಿ ಹಿಡಿದರು ಎಂಬುದೂ ಗುಟ್ಟೇನಲ್ಲ. ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ 2020ರಲ್ಲಿ ಸೈ-ಹಬ್ ತಾಣದ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟಿನಲ್ಲಿ ಆ ತಾಣವನ್ನು ಭಾರತದಲ್ಲಿ ತಡೆಯಲು ಆದೇಶವಾಯಿತು. ಕಾನೂನು ಕಾನೂನೇ. ಆದರೆ ತಡೆಯುವಲ್ಲಿ ತೋರಿದ ಹುರುಪನ್ನು ಪ್ರಕಾಶಕರು ಸಕ್ರಮ ದಾರಿಯೊಂದನ್ನು ತೆರೆಯುವಲ್ಲಿಯೂ ತೋರಿದ್ದರೆ ಅವರ ಅಂಕ ಏರುತ್ತಿತ್ತು.

ಅಂಕಪದ್ಧತಿಯ ಬಗ್ಗೆಯೂ ಒಂದು ಟೀಕೆ ಇದೆ. ಅದು ಹುಟ್ಟಿದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಹಾಗಾಗಿ ಅದರ ಕಣ್ಣು ಆವರಣದ ಒಳಗಿನ ಓದುಗನ ಮೇಲೆ. ನಾಲ್ಕು ಶೀರ್ಷಿಕೆಗಳಲ್ಲಿ ಭಾಷೆ ಎಂಬುದೇ ಇಲ್ಲ. ಹಾರುಬೂದಿಯ ಪ್ರಬಂಧ ನಾಳೆಯೇ ಪುಕ್ಕಟೆಯಾದರೂ ಅದು ಇಂಗ್ಲಿಷಿನಲ್ಲಿರುತ್ತದೆ. ಪ್ರಯೋಗ ನಡೆದ ನೆಲದ ಭಾಷೆಯಲ್ಲಿ ಅರ್ಧ ಪುಟದ ಸಾರಾಂಶ ಕೊಡಲು ಪ್ರಕಾಶಕರಿಗೆ ಆಗುವ ಖರ್ಚು ಎಷ್ಟು? ನಾನಾದರೆ ಐದನೆಯ ಶೀರ್ಷಿಕೆಯಾಗಿ ಇದನ್ನು ಸೇರಿಸಿ, ಮಿಕ್ಕ ನಾಲ್ಕರಷ್ಟೇ ತೂಕ ಕೊಡುತ್ತೇನೆ. ಈ ಅಳತೆಯಲ್ಲಿ ನಮ್ಮ ಅಕಾಡೆಮಿಯ ಪತ್ರಿಕೆಗಳೂ ಅಂಕ ಕಳೆದುಕೊಳ್ಳುತ್ತವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಅಲ್ಲಿಯವರೆಗೆ ನೀವೇನು ಮಾಡಬಹುದು? ರಾಮನ್ ತಮ್ಮ ಪರಿಣಾಮವನ್ನು 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ಅದನ್ನು 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅಚ್ಚು ಹಾಕಿಸಿ, ಪ್ರತಿಗಳನ್ನು ಜಗತ್ತಿನ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ಆ ಪದ್ಧತಿ ಇನ್ನೂ ಬದುಕಿದೆ. ಪ್ರಬಂಧದ ಸಾರಾಂಶದ ಪುಟದಲ್ಲಿ ಸಾಮಾನ್ಯವಾಗಿ ಲೇಖಕರ ಮಿಂಚಂಚೆ ವಿಳಾಸವಿರುತ್ತದೆ. ಶಾಲೆಯ ಹೆಸರು, ವಿದ್ಯಾರ್ಥಿನಿಯ ಪ್ರಶ್ನೆ, ಪ್ರಬಂಧದ ಶೀರ್ಷಿಕೆ ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಒಂದು ಪ್ರತಿ ಕೇಳಿ. ಹೆಚ್ಚಿನ ಪ್ರಕಾಶಕರು ಲೇಖಕರು ಹೀಗೆ ಒಬ್ಬೊಬ್ಬರಿಗೆ ಪ್ರತಿ ಕಳಿಸುವುದನ್ನು ಒಪ್ಪುತ್ತಾರೆ. ಪ್ರತಿ ಬಂದಾಗ ಮೊದಲು ತೀರ್ಮಾನದ ಪುಟಕ್ಕೆ ಹಾರಬೇಡಿ. ಬೂದಿ ಯಾವ ಕಲ್ಲಿದ್ದಲಿನದು, ಅದರಲ್ಲಿ ಬೋರಾನ್ ಎಷ್ಟು, ಪ್ರಯೋಗದ ಮಣ್ಣಿನ ಪಿಎಚ್ ಎಷ್ಟಿತ್ತು ಎಂಬ ಕೋಷ್ಟಕವನ್ನು ಹುಡುಕಿ, ನಿಮ್ಮ ಹೊಲದ ಎರೆಮಣ್ಣಿನ ಪಿಎಚ್ ಜೊತೆ ಹೋಲಿಸಿ ನೋಡಿ.