ತಾರಸಿಯ ಮೇಲಿನ ಕಂಬಿಗಳು

ವಿಜಯನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಹೋಗುವಾಗ ಒಮ್ಮೆ ತಲೆಯೆತ್ತಿ ನೋಡಿ. ಎಷ್ಟೋ ಮನೆಗಳ ತಾರಸಿಯ ಮೇಲೆ ತುಕ್ಕು ಹಿಡಿದ ಕಂಬಿಗಳು ನಿಂತಿರುತ್ತವೆ. ನೋಡುವವರಿಗೆ ಅಂದಗೇಡಿ. ನನಗೆ ಹಾಗನ್ನಿಸಿದ್ದಿಲ್ಲ. ‘ಮಗನ ಮದುವೆಯ ಹೊತ್ತಿಗೆ ಮೇಲೊಂದು ರೂಮು’ ಎಂಬ ಆಸೆ ಅದು.

ನಮ್ಮಂಥವರಿಗೆ ದುಡ್ಡು ಒಟ್ಟಿಗೆ ಬರುವುದಿಲ್ಲ. ಮನೆಯೂ ಒಟ್ಟಿಗೆ ಏಳುವುದಿಲ್ಲ. ಮೊದಲು ಸೈಟು, ಆಮೇಲೆ ಶೀಟು ಹೊದಿಸಿದ ಎರಡು ಕೋಣೆ, ಚೀಟಿ ಎತ್ತಿದ ವರ್ಷ ಮೋಲ್ಡು, ಮುಂದೆ ಬಾಡಿಗೆಗೊಂದು ಮಹಡಿ. 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾದ ರಾಜಾಜಿನಗರದಲ್ಲೂ ಎಷ್ಟೋ ಮನೆಗಳು ಹೀಗೆಯೇ ಬೆಳೆದವು. ಗಂಡ ತೀರಿಕೊಂಡ ಮೇಲೆ ಮಹಡಿಯ ಬಾಡಿಗೆಯಲ್ಲೇ ಮಕ್ಕಳ ಫೀಸು ಕಟ್ಟಿ, ಯಾರ ಮುಂದೆಯೂ ಕೈಯೊಡ್ಡದೆ ಬಾಳಿದ ಹೆಂಗಸರನ್ನು ನಾನು ಬಲ್ಲೆ. ಬಡವರಿಗೆ ಫ್ಲ್ಯಾಟೇ ಸಾಕು ಎನ್ನುವವರು ಇದನ್ನು ಮರೆಯುತ್ತಾರೆ. ಫ್ಲ್ಯಾಟು ಬೆಳೆಯುವುದಿಲ್ಲ.

ನನ್ನ ತಕರಾರು ಬೇರೆ. ಮನೆ ಬೆಳೆಯಲೆಂದು ನಾವು ಕಂಬಿ ಬಿಡುತ್ತೇವೆ. ಬೆಳೆದಾಗ ಗಾಳಿ, ಬೆಳಕು, ನೀರು ಎಲ್ಲಿ ಹೋಗಬೇಕೆಂದು ಯೋಚಿಸುವುದಿಲ್ಲ. ನಮ್ಮದು 20×30ರ ಸೈಟು. ಮೆಟ್ಟಿಲು ನಡುಮನೆಯೊಳಗಿತ್ತು. ಮಹಡಿ ಬಾಡಿಗೆಗೆ ಕೊಡುವಾಗ ಅದನ್ನು ಒಡೆಸಿ, ಹಿಂದಿನ ಮೂರಡಿ ಜಾಗದಲ್ಲಿ ಬೇರೆ ಮೆಟ್ಟಿಲು ಕಟ್ಟಿಸಿದೆವು. ಅಡುಗೆಮನೆಯ ಕಿಟಕಿ ಮುಚ್ಚಿಹೋಯಿತು. ಅಂದಿನಿಂದ ನಡುಹಗಲಲ್ಲೂ ದೀಪ ಹಾಕಿ ಅಕ್ಕಿ ಆರಿಸುತ್ತಿದ್ದೇನೆ. ಮೇಸ್ತ್ರಿಯೂ ನಮ್ಮ ಮನೆಯವರೂ ನಕ್ಷೆ ಹರಡಿಕೊಂಡು ಕೂತಿದ್ದ ದಿನ ನಾನು ಕಾಫಿ ಕೊಟ್ಟು ಒಳಗೆ ಬಂದಿದ್ದೆ.

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೆ? ಇತ್ತು. ಇಂದೋರಿನಲ್ಲಿ ಬಾಲಕೃಷ್ಣ ದೋಶಿಯವರು 1980ರ ದಶಕದಲ್ಲಿ ‘ಅರಣ್ಯ’ ಎಂಬ ಬಡಾವಣೆ ರೂಪಿಸಿದರು. ತೀರ ಬಡವರಿಗೆ 35 ಚದರ ಮೀಟರಿನಷ್ಟು ಚಿಕ್ಕ ನಿವೇಶನ. ಅದರಲ್ಲಿ ಪಾಯ, ನೀರು, ಶೌಚದ ವ್ಯವಸ್ಥೆ. ಉಳಿದದ್ದನ್ನು ಕೈಲಾದಾಗ ಕಟ್ಟಿಕೊಳ್ಳುವುದು ಮನೆಯವರಿಗೆ ಬಿಟ್ಟದ್ದು. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. ಅಲ್ಲಿ ನನಗೆ ಹಿಡಿಸಿದ್ದು ಅಗ್ಗದ ಮಾತಲ್ಲ. ಮನೆ ಮುಂದೆ ಬೆಳೆಯುತ್ತದೆಂದು ಮೊದಲೇ ಒಪ್ಪಿಕೊಂಡು ನಕ್ಷೆ ಬರೆದದ್ದು.

ನೀರಿನ ಲೆಕ್ಕವೂ ಹಾಗೆಯೇ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 20×30ರ ಸೈಟಿನ ಮೇಲೆ ಬೀಳುವುದೇ 50,000 ಲೀಟರಿಗೂ ಹೆಚ್ಚು. 2009ರ ಕಾನೂನು ಮಳೆನೀರು ಸಂಗ್ರಹವನ್ನು ಹೊಸದಾಗಿ ಕಟ್ಟುವ 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಮನೆಗಳಿಗೆ ಕಡ್ಡಾಯ ಮಾಡಿತು, ಚಿಕ್ಕವರನ್ನು ಬಿಟ್ಟಿತು. ಹೀಗಾಗಿ ನಮ್ಮ ಬೀದಿಯ ಮಳೆಯೆಲ್ಲ ಚರಂಡಿ ಸೇರಿ, ಕೊಳಚೆಯಾಗಿರುವ ವೃಷಭಾವತಿಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ನಾವೇ ಟ್ಯಾಂಕರಿಗಾಗಿ ಕೊಡ ಹಿಡಿದು ಕಾದೆವು.

ತಂಗಿಯ ಮಗಳು ಈಗ ಕೆಂಗೇರಿಯ ಆಚೆ ಮನೆ ಕಟ್ಟಿಸಲು ಹೊರಟಿದ್ದಾಳೆ. ಅವಳಿಗೆ ಹೇಳಿದೆ: “ಪಾಯ ಹಾಕುವಾಗಲೇ ಮೇಲಿನ ಮಹಡಿಯ ಭಾರವನ್ನು ಇಂಜಿನಿಯರಿಂದ ಲೆಕ್ಕ ಹಾಕಿಸು. ಬಿಟ್ಟ ಕಂಬಿಗೆ ಸಿಮೆಂಟಿನ ಹಾಲು ಬಳಿಸು, ಮಳೆಗೆ ತುಕ್ಕು ಹಿಡಿಯುತ್ತೆ. ಮೆಟ್ಟಿಲು ಮೊದಲಿನಿಂದಲೂ ಹೊರಗಿರಲಿ. ತಾರಸಿಯ ನೀರು ಸಂಪಿಗೆ ಬರಲಿ. ಅಡುಗೆಮನೆ ಕಿಟಕಿಯ ಮುಂದಿನ ಜಾಗದಲ್ಲಿ ಮಾತ್ರ ಯಾವ ಕಾಲಕ್ಕೂ ಏನೂ ಕಟ್ಟಬೇಡ. ನಕ್ಷೆ ಬರೆಯುವ ದಿನ ಕಾಫಿ ಯಾರಾದರೂ ಮಾಡಲಿ ಕಣೇ, ನೀನು ಅಲ್ಲೇ ಕೂತ್ಕೋ.”