ಮರಿಯಾನೆಯ ಆಟವೂ ವಾತ್ಸಲ್ಯರಸವೂ

ಪ್ರಾಣಿಗಳ ಮರಿಗಳು ಆಡುವುದನ್ನು ದೂರದರ್ಶನದಲ್ಲಿ ನೋಡಿ ನಲಿಯುವುದು ಈಗ ಮನೆಮನೆಯ ವಿನೋದವಾಗಿದೆ. ಇದನ್ನು ಬಾಲಿಶವೆಂದು ತಳ್ಳಿಬಿಡುವ ಪಂಡಿತರುಂಟು; ಅಲಂಕಾರಶಾಸ್ತ್ರವಾದರೋ ಈ ಬಗೆಯ ನಲಿವನ್ನು ಅಷ್ಟು ಹಗುರವಾಗಿ ಎಣಿಸಿಲ್ಲ. ಪುತ್ರಾದಿಗಳನ್ನು ಕುರಿತ ರತಿಯನ್ನು ಮಮ್ಮಟನು ಭಾವವೆಂದು ಮಾತ್ರ ಒಪ್ಪಿದನು. ‘ಸಾಹಿತ್ಯದರ್ಪಣ’ಕಾರನಾದ ವಿಶ್ವನಾಥನು ವತ್ಸಲವನ್ನು ರಸಗಳ ಸಾಲಿಗೇ ಸೇರಿಸಿ, ಶಿಶುವನ್ನು ಆಲಂಬನವೆಂದೂ ಅದರ ಚೇಷ್ಟೆಗಳನ್ನು ಉದ್ದೀಪನವೆಂದೂ ಹೇಳಿದನು. ದೊಡ್ಡ ತಲೆ, ಉಬ್ಬಿದ ಹಣೆ, ಅಗಲವಾದ ಕಣ್ಣು, ದುಂಡುಗೆನ್ನೆ, ತಡವರಿಸುವ ನಡೆ, ಇವು ಯಾವ ಜಾತಿಯ ಮರಿಯಲ್ಲಿ ಕಂಡರೂ ಮನುಷ್ಯನಲ್ಲಿ ಪೋಷಣಬುದ್ಧಿಯನ್ನು ಎಚ್ಚರಿಸುವುವೆಂದು ಆಸ್ಟ್ರಿಯದ ಪ್ರಾಣಿಶಾಸ್ತ್ರಜ್ಞ ಕಾನ್ರಾಡ್ ಲೊರೆನ್ಸನು 1943ರಲ್ಲಿ ವಾದಿಸಿದುದು ವಿಶ್ವನಾಥನ ಮಾತಿಗೆ ಬರೆದ ಟೀಕೆಯಂತಿದೆ.

ಈ ರಸವನ್ನು ಪರೀಕ್ಷಿಸಲು ಚಾಮರಾಜನಗರದ ಸೀಮೆಗಿಂತ ತಕ್ಕ ನೆಲ ದುರ್ಲಭ. 1874ರಲ್ಲಿ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು ಆನೆಯ ಹಿಂಡನ್ನು ಮರಿಗಳ ಸಹಿತ ಖೆಡ್ಡಾದಲ್ಲಿ ಸೆರೆಹಿಡಿದುದು ಇಲ್ಲಿಯೇ. ಗುಂಡ್ಲುಪೇಟೆಯಿಂದ ಉದಕಮಂಡಲಕ್ಕೆ ಹೋಗುವ ದಾರಿಯು ಬಂಡೀಪುರದ ಕಾಡನ್ನು ಹಾದು ಮುದುಮಲೆಯನ್ನು ಹೊಕ್ಕ ಸ್ವಲ್ಪ ದೂರದಲ್ಲಿಯೇ ತೆಪ್ಪಕಾಡಿನ ಆನೆಬಿಡಾರವಿದೆ. ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶಿಸಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ಸಾಕ್ಷ್ಯಚಿತ್ರವು ನಡೆಯುವುದು ಆ ಬಿಡಾರದಲ್ಲಿ. ಸುಮಾರು 40 ನಿಮಿಷಗಳ ಈ ಚಿತ್ರವು 2022ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಮನೆಗಳ ತೆರೆಗೆ ಬಂದು, 2023ರ ಮಾರ್ಚಿಯಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ರಘು, ಅಮ್ಮು ಎಂಬ ತಬ್ಬಲಿ ಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳ ಕಥೆ ಇದರ ವಸ್ತು. ಚಿತ್ರದ ಮಾತು ತಮಿಳಾದರೂ, ಈ ದಂಪತಿಗಳು ಹುಟ್ಟಿದ ಕಾಟ್ಟುನಾಯಕರ ನುಡಿ ಕನ್ನಡಕ್ಕೆ ಬಲು ಹತ್ತಿರವಾದುದು. ಬೆಳ್ಳಿ ಎಂಬ ಹೆಸರೇ ಅದಕ್ಕೆ ಸಾಕ್ಷಿ.

ಮರಿಗಳು ಹೊಳೆಯಲ್ಲಿ ಮೀಯುವುದು, ಕೈತುತ್ತಿಗೆ ಹಟಮಾಡುವುದು, ಒಂದನ್ನೊಂದು ಮೊದಲು ಸಹಿಸದೆ ಬಳಿಕ ಅಗಲಿರಲಾರದಂತಾಗುವುದು ಇವೆಲ್ಲ ಉದ್ದೀಪನಗಳೇ. ಆದರೆ ಇಲ್ಲಿ ಸಹೃದಯನು ನಿಂತಿರುವುದು ಯಾರ ಎಡೆಯಲ್ಲಿ? ತಾಯಾನೆಯ ಎಡೆಯಲ್ಲಿ. ಕಾಡಿನಲ್ಲಿ ಮರಿಯ ಆಟವು ಹೆಣ್ಣಾನೆಗಳ ಕಾಲುಗಳ ನಡುವೆ ಅರೆಗಳಿಗೆ ಮಿಂಚಿ ಮರೆಯಾಗುವಂಥದು. ನೋಡಿದವನಿಗೆ ನಲಿವಿನ ಬೆನ್ನಿಗೇ ಎದೆ ನಡುಗುವುದು. ಅರಿಸಿನದ ಹೊಲದಲ್ಲಿ, ಬಾಳೆಯ ತೋಟದಲ್ಲಿ ಇರುಳು ಕಾವಲಿರುವ ಗುಂಡ್ಲುಪೇಟೆಯ ರೈತನಿಗೆ ಮರಿಯೆಂದರೆ ಮರೆಯಲ್ಲಿ ತಾಯಿಯಿರುವ ಸೂಚನೆ. ಅವನಿಗೆ ಒದಗುವುದು ಭಯಾನಕ. ತೆರೆಯ ಮುಂದೆ ಕುಳಿತವನಿಗೆ ವಾತ್ಸಲ್ಯವು ಕಲಬೆರಕೆಯಿಲ್ಲದೆ ದೊರೆಯುವುದು ತಾಯಿ ಅಲ್ಲಿಲ್ಲದಿರುವ ಕಾರಣದಿಂದಲೇ. ರಘುವಿನ ತಾಯಿ ಬರಗಾಲದಲ್ಲಿ ಮೇವನ್ನರಸಿ ಊರಿನ ಕಡೆಗೆ ಬಂದು ವಿದ್ಯುತ್ತಿಗೆ ಸಿಕ್ಕಿ ಸತ್ತಿತು.

ಚಿತ್ರದ ಕುಂದು ಇಲ್ಲಿದೆ. ಈ ಮರಣವನ್ನು ಅದು ಹೇಳುತ್ತದೆ. ಹೇಳಿ ಕೂಡಲೆ ಹೊಳೆಯ ಕಡೆಗೆ ತಿರುಗುತ್ತದೆ. ಆ ತಂತಿ, ಆ ಹೊಲ, ಆ ಹೊಲದ ಒಡೆಯ ಯಾರೂ ತೆರೆಗೆ ಬರುವುದಿಲ್ಲ. ಈ ಚಿತ್ರ ಮನೆಮನೆ ತಲಪಿದ್ದ ದಿನಗಳಲ್ಲಿಯೇ, 2023ರ ಫೆಬ್ರುವರಿಯಲ್ಲಿ, ಬಂಡೀಪುರದಲ್ಲಿ ವಿದ್ಯುತ್ತಿನ ಬೇಲಿಯನ್ನು ಮುಟ್ಟಿ ಬಿದ್ದಿದ್ದ ಆನೆಯೊಂದನ್ನು ಅರಣ್ಯ ಸಿಬ್ಬಂದಿಯವರು ಉಪಚರಿಸಿ ಬದುಕಿಸಿದರು. ಬೇಲಿಯ ಪ್ರಸಂಗ ಗಡಿಯ ಆಚೆಗೆ ಮಾತ್ರ ಸೇರಿದುದಲ್ಲ. ಅದನ್ನು ಮುಂದಿಟ್ಟಿದ್ದರೆ ಕರುಣವು ವಾತ್ಸಲ್ಯವನ್ನು ಕೆಡಿಸುತ್ತಿತ್ತೆಂಬ ಅಂಜಿಕೆ ನಿರ್ದೇಶಕಿಗೆ ಇದ್ದಿರಬಹುದು. ಆದರೆ ಆ ಅಂಜಿಕೆಗೆ ಕಾರಣವಿರಲಿಲ್ಲವೆಂದು ಚಿತ್ರದ ಉತ್ತರಾರ್ಧವೇ ತೋರಿಸುತ್ತದೆ.

ಕೆಸರಿನಲ್ಲಿ ಜಾರುವ ಮರಿಗಳನ್ನು ತೋರಿಸಿ ಮುಗಿಸುವ ಚಿಕ್ಕ ಚಿತ್ರಗಳಲ್ಲಿ ರಸಕ್ಕೆ ಆಶ್ರಯವೇ ಇಲ್ಲ; ಪ್ರೇಕ್ಷಕನ ನಗು ಮಾತ್ರ. ಇಲ್ಲಿ ಬೆಳ್ಳಿ ಇದ್ದಾರೆ. ಮಗಳನ್ನು ಕಳೆದುಕೊಂಡ ಈ ತಾಯಿಯ ಒಡಲಿನಲ್ಲಿ ರಸವು ನೆಲೆಗೊಂಡಿದೆ. ಬೆಳೆದ ರಘುವನ್ನು ಇಲಾಖೆಯವರು ಬೇರೆ ಕಾವಾಡಿಗೆ ಒಪ್ಪಿಸುವಾಗ ಚಿತ್ರವು ಯಾರನ್ನೂ ದೂರುವುದಿಲ್ಲ, ಅಳುವನ್ನು ಹಿಗ್ಗಿಸುವುದೂ ಇಲ್ಲ. ಅಷ್ಟು ಹೊತ್ತು ಮರಿಯನ್ನು ತನ್ನದೆಂದು ಬಗೆದು ನಕ್ಕ ಪ್ರೇಕ್ಷಕನ ಕೈಯಿಂದಲೂ ಅದನ್ನು ಬಿಡಿಸಿಕೊಂಡು ಹೋಗುತ್ತದೆ. ವಾತ್ಸಲ್ಯವು ಕರುಣಕ್ಕೆ ತಿರುಗುವ ಈ ಭಾಗದಲ್ಲಿ ಮರಿಯ ಆಟ ಒಂದೂ ಇಲ್ಲದಿದ್ದರೂ ಕಣ್ಣು ತೆರೆಯಿಂದ ಕದಲುವುದಿಲ್ಲ.